ಬೇಲಿ ಗಿಡದ ಕಡ್ಡಿಯಿಂದ ಒಲೆ ಹೊತ್ತಿಸುತ್ತೀರಾ? ಒಣಗಿಸುವ ಮುನ್ನ ಇದು ತಿಳಿದಿರಲಿ

ಮಲೆನಾಡು ಮತ್ತು ಕರಾವಳಿಯ ಎಷ್ಟೋ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರು ಕಾಯುವುದು ಇಂದಿಗೂ ಬಚ್ಚಲ ಒಲೆಯ ಹಂಡೆಯಲ್ಲೇ. ದಪ್ಪ ಸೌದೆ ಒಮ್ಮೆ ಹತ್ತಿಕೊಂಡರೆ ಚಿಂತೆಯಿಲ್ಲ, ಕಷ್ಟವಿರುವುದು ಹೊತ್ತಿಸುವುದರಲ್ಲಿ. ಒಣ ಪುರಳೆ ಸಿಗದಿದ್ದಾಗ ಸೀಮೆಎಣ್ಣೆಯೋ ಪ್ಲಾಸ್ಟಿಕ್ ಚೀಲವೋ ಒಲೆ ಸೇರುತ್ತದೆ. ಆದರೆ ಬೇಕಾದ ಪುರಳೆ ಮನೆಯ ಬೇಲಿಯಲ್ಲೇ ಬೆಳೆಯುತ್ತಿರುತ್ತದೆ.

ಯಾವ ಗಿಡ ಸೂಕ್ತ?

ರೈತರು ಗೊಬ್ಬರದ ಗಿಡ ಎಂದು ಕರೆಯುವ ಗ್ಲಿರಿಸಿಡಿಯಾ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮಧ್ಯ ಅಮೆರಿಕ ಮೂಲದ ಈ ಗಿಡ ರೆಂಬೆ ನೆಟ್ಟರೆ ಚಿಗುರುತ್ತದೆ, ಕಡಿದಷ್ಟೂ ಮತ್ತೆ ಬೆಳೆಯುತ್ತದೆ. ಸಾರಜನಕ ಹೆಚ್ಚಿರುವ ಸೊಪ್ಪು ತೆಂಗು, ಅಡಿಕೆಯ ಬುಡಕ್ಕೆ ಗೊಬ್ಬರವಾದರೆ ಕಡ್ಡಿ ಒಲೆಗೆ. ಚೆನ್ನಾಗಿ ಒಣಗಿದರೆ ಹೊಗೆಯೂ ಕಡಿಮೆ. ಬೇಲಿಯ ದಾಸವಾಳದ ತೆಳು ರೆಂಬೆಗಳನ್ನೂ ಬಳಸಬಹುದು. ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದು ಕಾಡನ್ನೇ ಆವರಿಸಿದ ಲಂಟಾನದ ಒಣ ಕಡ್ಡಿ ಬೇಗ ಹೊತ್ತಿಕೊಳ್ಳುತ್ತದೆ. ಆದರೆ ಅದರ ಎಲೆ ದನಕರುಗಳಿಗೆ ವಿಷ. ಹಾಗಾಗಿ ಸೊಪ್ಪನ್ನು ಕೊಟ್ಟಿಗೆಯ ಹತ್ತಿರ ಬಿಡಬಾರದು.

ಯಾವುದು ಬೇಡ?

ಕಣಗಿಲೆ ಮತ್ತು ಹಳದಿ ಕಣಗಿಲೆಯ ಎಲೆ, ಕಾಂಡ, ಬೀಜ ಎಲ್ಲವೂ ವಿಷ. ಈ ವಿಷ ಹೃದಯ ಬಡಿತವನ್ನೇ ಏರುಪೇರು ಮಾಡುತ್ತದೆ. ಗಿಡ ಒಣಗಿದರೂ ವಿಷ ಉಳಿಯುತ್ತದೆ, ಸುಟ್ಟಾಗ ಬರುವ ಹೊಗೆಯೂ ಸುರಕ್ಷಿತವಲ್ಲ. ಅದರ ಕಡ್ಡಿಗೆ ಚುಚ್ಚಿ ಏನನ್ನೂ ಸುಟ್ಟು ತಿನ್ನಲೇಬಾರದು. ಬೇಲಿಗೆ ಹಾಕುವ ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿ, ಊತ ಬರುತ್ತದೆ. ಅದನ್ನೂ ಒಲೆಯಿಂದ ದೂರವಿಡಬೇಕು.

ಎಲೆ ಉದುರಿ ಒಣಗಿದ ಮೇಲೆ ಎಲ್ಲ ಕಡ್ಡಿಗಳೂ ಒಂದೇ ಥರ ಕಾಣುತ್ತವೆ. ಆಮೇಲೆ ಕಣಗಿಲೆ ಯಾವುದು, ದಾಸವಾಳ ಯಾವುದು ಎಂದು ಗುರುತಿಸುವುದು ಕಷ್ಟ. ಆದ್ದರಿಂದ ಎಲೆ, ಹೂವು ಇರುವಾಗ, ಅಂದರೆ ಸವರುವಾಗಲೇ ವಿಂಗಡಿಸಬೇಕು. ಮುಂಬೈ, ಪುಣೆಯಿಂದ ರಜೆಗೆ ಊರಿಗೆ ಬಂದು ಬೇಲಿ ಸವರಲು ಕೈಜೋಡಿಸುವವರು ಗಿಡ ಯಾವುದೆಂದು ಮನೆಯ ಹಿರಿಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಒಣಗಿಸುವುದು ಹೇಗೆ?

ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಬೆಂಕಿಯ ಶಾಖವೆಲ್ಲ ಆ ನೀರನ್ನು ಆವಿ ಮಾಡಲು ಖರ್ಚಾಗಿ ಕಟ್ಟಿಗೆ ಸರಿಯಾಗಿ ಉರಿಯದೆ ಹೊಗೆ ಏಳುತ್ತದೆ. ತೇವಾಂಶ ಶೇ. 20ಕ್ಕಿಂತ ಕಡಿಮೆಯಾದಾಗ ಉರಿ ಚೆನ್ನಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ, ಸೌದೆ, ಕಲ್ಲಿದ್ದಲು, ಸೀಮೆಎಣ್ಣೆಯಂಥ ಇಂಧನಗಳಿಂದ ಮನೆಯೊಳಗೆ ತುಂಬುವ ಹೊಗೆಗೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಮಂದಿ ಬಲಿಯಾಗಿದ್ದಾರೆ.

ಮಳೆಗಾಲ ಮುಗಿದ ಮೇಲೆ ಬೆರಳು ಗಾತ್ರದ ರೆಂಬೆಗಳನ್ನು ಸವರಿ, ಸೊಪ್ಪು ತೆಗೆದು, ಸಣ್ಣ ಹೊರೆ ಕಟ್ಟಿ ಬಿಸಿಲು, ಗಾಳಿ ಆಡುವ ಕಡೆ ನೆಲಕ್ಕೆ ತಾಗದಂತೆ ಇಡಬೇಕು. ಬಗ್ಗಿಸಿದಾಗ ಬಾಗದೆ ಪಟ್ಟನೆ ಮುರಿದರೆ ಪುರಳೆ ಸಿದ್ಧ. ಮುಂಗಾರಿಗೆ ಮುನ್ನ ಅದನ್ನು ಅಟ್ಟಕ್ಕೆ ಸೇರಿಸಿದರೆ ಮಳೆಗಾಲದಲ್ಲೂ ಒಲೆ ಹೊತ್ತಿಸಲು ಸೀಮೆಎಣ್ಣೆ ಹುಡುಕಬೇಕಿಲ್ಲ.