ಎಸಿ ಹಾಕಿಸ್ತಿದ್ದೀರಾ? ಪೈಪ್ ಕಡೆ ಕಣ್ಣಿಡಿ

ಸ್ಪ್ಲಿಟ್ ಎಸಿ ಫಿಟ್ ಮಾಡೋಕೆ ಬಂದವರಿಗೆ ನಾನು ಮೊದಲು ಕೇಳೋದು ಒಂದೇ: 'ವ್ಯಾಕ್ಯೂಮ್ ಪಂಪ್ ತಂದಿದ್ದೀರಾ?'

ಒಳಗಿನ, ಹೊರಗಿನ ಯೂನಿಟ್‌ಗಳನ್ನು ಜೋಡಿಸೋದು ಎರಡು ತಾಮ್ರದ ಪೈಪ್. ಎರಡಕ್ಕೂ ಬೇರೆ ಬೇರೆ ಇನ್ಸುಲೇಷನ್ ಬೇಕು. ಇಲ್ಲದಿದ್ದರೆ ತಣ್ಣನೆ ಪೈಪ್ ಬೆವರಿ ಗೋಡೆ ಒದ್ದೆಯಾಗುತ್ತೆ.

ಪೈಪಿನೊಳಗೆ ಗಾಳಿ, ತೇವ ಉಳಿದಿರುತ್ತೆ. ಕೆಲವರು ಪಂಪ್ ಬದಲು ಎಸಿಯ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರಗೆ ತಳ್ಳುತ್ತಾರೆ. ಒಪ್ಪಬೇಡಿ. ಉಳಿದ ತೇವ ಆಯಿಲ್ ಕೆಡಿಸಿ ಕಂಪ್ರೆಸರ್‌ಗೇ ಕುತ್ತು ತರುತ್ತೆ. ಈಗಿನ ಬಹಳಷ್ಟು ಎಸಿಗಳಲ್ಲಿರೋ ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸ್ ಬೇರೆ.

ಪಂಪ್ ಓಡಿಸಿ 500 ಮೈಕ್ರಾನ್‌ಗೆ ಇಳಿಸಿ, ನಿಲ್ಲಿಸಿ, ಗೇಜ್ ನೋಡಲಿ. ಏರುತ್ತಲೇ ಹೋದರೆ ಜಾಯಿಂಟ್ ಸೋರುತ್ತಿದೆ ಅಂತ ಅರ್ಥ. ಅದು ಸರಿಯಾಗೋವರೆಗೆ ಗ್ಯಾಸ್ ವಾಲ್ವ್ ತೆರೆಯೋಕೆ ಬಿಡಬೇಡಿ.