ಸಾಲಕ್ಕೆ ಮೊದಲಿನ ಆರು ತಿಂಗಳು

ತಮಿಳುನಾಡಿನ ಮಹಿಳಾ ಸ್ವಸಹಾಯ ಸಂಘಗಳ ಚರಿತ್ರೆ 1989ರಲ್ಲಿ ಧರ್ಮಪುರಿ ಜಿಲ್ಲೆಯಿಂದ ಶುರುವಾಗುತ್ತದೆ. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಅಲ್ಲಿಯವರೆಗೆ ಹೊಸೂರು, ದೇಂಕಣಿಕೋಟೆ, ತಳಿ, ಕೆಲಮಂಗಲದ ಕನ್ನಡ, ತೆಲುಗು, ತಮಿಳು ಬೆರೆತ ಊರುಗಳೆಲ್ಲ ಧರ್ಮಪುರಿಗೇ ಸೇರಿದ್ದವು. ಈ ಸಂಘಗಳ ಯೋಜನೆಗೆ ನೆರವು ಬಂದದ್ದು ರೋಮ್‌ನಲ್ಲಿರುವ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯಿಂದ. ಪಟ್ಟಾ ಇಲ್ಲದ, ಅಡವಿಡಲು ಒಡವೆಯೂ ಇಲ್ಲದ ಕೂಲಿ ಹೆಂಗಸರನ್ನು ನಂಬಿ ಸಾಲ ಕೊಡುವುದು ಹೇಗೆ?

ಬ್ಯಾಂಕಿನ ಹಿಂಜರಿಕೆಗೆ ಅರ್ಥಶಾಸ್ತ್ರದಲ್ಲಿ ಒಳ್ಳೆಯ ವಿವರಣೆಯಿದೆ. ಯಾರು ತೀರಿಸುತ್ತಾರೆ, ಯಾರು ಕೈಯೆತ್ತುತ್ತಾರೆ ಎಂಬುದು ಬ್ಯಾಂಕಿಗೆ ತಿಳಿಯದು. ಆ ಭಯಕ್ಕೆ ಬಡ್ಡಿ ಏರಿಸಿದರೆ ಎಚ್ಚರದಿಂದ ಬಾಳುವವರು ಹಿಂದೆ ಸರಿದು ದುಡುಕುವವರೇ ಉಳಿಯುತ್ತಾರೆ ಎಂದು ಸ್ಟಿಗ್ಲಿಟ್ಜ್ ಮತ್ತು ವೈಸ್ 1981ರಲ್ಲಿ ತೋರಿಸಿದರು. ಹಾಗಾಗಿ ಬ್ಯಾಂಕು ಸಾಲವನ್ನೇ ಕೊಡದೆ ಸುಮ್ಮನಿರುತ್ತದೆ. ಬ್ಯಾಂಕಿಗೆ ತಿಳಿಯದ ಈ ಸಂಗತಿ ಊರಿನ ಯಾವ ಹೆಂಗಸಿಗಾದರೂ ಗೊತ್ತು.

ಈ ಸೀಮೆಯಲ್ಲೂ ದುಡಿದ ಬೆಂಗಳೂರಿನ ಮೈರಾಡ ಸಂಸ್ಥೆಗೆ ಅದು ಮನವರಿಕೆಯಾದದ್ದು ಸೋಲಿನಿಂದ. 1984–85ರ ಸುಮಾರಿಗೆ ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಆಗ ಸದಸ್ಯರೇ ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ಸಾಲವನ್ನು ನಿಮಗೆ ತೀರಿಸುತ್ತೇವೆ, ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಒಬ್ಬರನ್ನೊಬ್ಬರು ನಂಬುವವರು ತಾವೇ ಕೂಡಿಕೊಂಡಿದ್ದರು. 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕಾದ ನಬಾರ್ಡ್ ಇಂಥ ಗುಂಪುಗಳಿಗೆಂದು ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಇಳಿಯಿತು.

ಆಗ ರೂಪುಗೊಂಡ ಅರ್ಹತೆಯ ನಿಯಮಗಳು ವಿಚಿತ್ರವಾಗಿವೆ. ನೋಂದಣಿ ಬೇಕಿಲ್ಲ, ಜಾಮೀನು ಬೇಕಿಲ್ಲ. ಸಂಘ ಕನಿಷ್ಠ ಆರು ತಿಂಗಳು ತನ್ನ ಉಳಿತಾಯದಿಂದಲೇ ಸದಸ್ಯರಿಗೆ ಸಾಲ ಕೊಟ್ಟು ವಸೂಲು ಮಾಡಿರಬೇಕು, ಪುಸ್ತಕ ಬರೆದಿರಬೇಕು. ಆಗ ಸಿಗುತ್ತಿದ್ದದ್ದು ಉಳಿತಾಯದ ಒಂದರಿಂದ ನಾಲ್ಕು ಪಟ್ಟು ಸಾಲ. ಸದಸ್ಯರು 20 ಮೀರಬಾರದು, ಏಕೆಂದರೆ ಅದಕ್ಕಿಂತ ದೊಡ್ಡ ಕೂಟ ಲಾಭದ ವ್ಯವಹಾರ ಮಾಡಿದರೆ 1956ರ ಕಂಪನಿ ಕಾಯ್ದೆಯಂತೆ ನೋಂದಣಿಯಾಗಬೇಕಿತ್ತು. (ಕಾನೂನಿನ ಈ ಮಿತಿ ಒಂದು ಪಡಸಾಲೆಯಲ್ಲಿ ಹಿಡಿಸುವ ಜನರ ಸಂಖ್ಯೆಯೂ ಆದದ್ದು ಅದೃಷ್ಟ.)

ಥರ್ಮಾಮೀಟರ್ ಜ್ವರವನ್ನು ಅಳೆಯುತ್ತದೆ, ಇಳಿಸುವುದಿಲ್ಲ. ಆರು ತಿಂಗಳ ಈ ಪರೀಕ್ಷೆ ಹಾಗಲ್ಲ, ಅಳೆಯುತ್ತಲೇ ಸಂಘವನ್ನು ಕಟ್ಟುತ್ತದೆ. ಕೋಲ್ಕತ್ತದಲ್ಲಿ ಅರ್ಥಶಾಸ್ತ್ರಜ್ಞರಾದ ಫೀಗೆನ್‌ಬರ್ಗ್, ಫೀಲ್ಡ್ ಮತ್ತು ರೋಹಿಣಿ ಪಾಂಡೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸಾಲಗಾರ್ತಿಯರ ಕೆಲವು ಗುಂಪುಗಳು ವಾರಕ್ಕೊಮ್ಮೆ, ಕೆಲವು ತಿಂಗಳಿಗೊಮ್ಮೆ ಸೇರುವಂತೆ ಚೀಟಿ ಎತ್ತಿದ ಹಾಗೆ ಹಂಚಿದ್ದರು. ವಾರವಾರ ಸೇರಿದವರ ಒಡನಾಟ ಸಾಲ ತೀರಿದ ಮೇಲೂ ಉಳಿಯಿತು. ಮುಂದಿನ ಸಾಲದಲ್ಲಿ ಬಾಕಿ ಉಳಿಸಿಕೊಂಡವರೂ ಅವರಲ್ಲಿ ಕಡಿಮೆ. ಇನ್ನೊಂದೆಡೆ, ಫಿಲಿಪ್ಪೀನ್ಸ್‌ನಲ್ಲಿ ಗುಂಪುಹೊಣೆ ತೆಗೆದು ಸಾಲವನ್ನು ಅವರವರ ಹೊಣೆಗೇ ಬಿಟ್ಟರೂ ಸುಸ್ತಿ ಹೆಚ್ಚಲಿಲ್ಲವೆಂದು ಜಿನೆ ಮತ್ತು ಕಾರ್ಲನ್ ಕಂಡರು. ಒಬ್ಬಳು ತಪ್ಪಿದರೆ ಎಲ್ಲರೂ ತೆರಬೇಕೆಂಬ ಬೆದರಿಕೆಗಿಂತ ಒಟ್ಟಿಗೆ ಕೂತೇಳುವ ರೂಢಿಯೇ ಹೆಚ್ಚು ಕೆಲಸ ಮಾಡುತ್ತದೆಂದು ನನಗನ್ನಿಸುವುದು ಇದರಿಂದ. ಹಾಗಾಗಿ ಇಷ್ಟು ಸಂಘ ಎಂಬ ಗುರಿ ಮುಟ್ಟುವ ಅವಸರದಲ್ಲಿ ಸಭೆಯ ನಡಾವಳಿ ಪುಸ್ತಕವನ್ನು ಒಂದೇ ರಾತ್ರಿ ಬರೆದು ತುಂಬಿಸಿದರೆ ಸುಳ್ಳಾಗುವುದು ಬರೀ ದಾಖಲೆಯಲ್ಲ, ಸಂಘ ಹುಟ್ಟಿಯೇ ಇರುವುದಿಲ್ಲ.

ಆದರೆ ಆರು ತಿಂಗಳ ಇದೇ ನಿಯಮ ಕೆಲವರನ್ನು ಹೊರಗಿಡುತ್ತದೆ. ಮಳೆ ಕೈಕೊಟ್ಟಾಗ ಇದೇ ಸೀಮೆಯ ಅಂಚೆಟ್ಟಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವಳು ಆರು ತಿಂಗಳ ಸಭೆಗಳಿಗೆ ಹಾಜರಾಗುವುದೆಂತು? 2011ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್, ದುರ್ಗಮ ಪ್ರದೇಶಗಳಲ್ಲಿ ಮತ್ತು ಅಂಗವಿಕಲರ ಸಂಘಗಳಲ್ಲಿ 10ರ ಬದಲು ಐದೇ ಸದಸ್ಯರಿದ್ದರೂ ಸಾಕೆಂದಿತು. ವಲಸೆ ಹೋಗುವವಳಿಗೆ ಅದರಿಂದೇನೂ ಆಗದು, ಅವಳ ತೊಡಕು ಇರುವುದು ತಲೆಯೆಣಿಕೆಯಲ್ಲಲ್ಲ, ಹಾಜರಿಯಲ್ಲಿ.