ಅವ್ವನ ಗ್ಯಾಸ್ ಗುಳಿಗಿ ಮುಚ್ಚಿಟ್ಟ ಸತ್ಯ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ನಮ್ಮ ಮನೆಯಲ್ಲಿ, ದೇವರ ಜಗಲಿ ಪಕ್ಕದ ಗೂಡಿನಲ್ಲಿ ಗ್ಯಾಸ್ ಗುಳಿಗಿ ಯಾವಾಗಲೂ ಇರುತ್ತಿದ್ದವು. ಅವ್ವನಿಗೆ ಹೊಟ್ಟೆಉರಿ ಶುರುವಾಗಿ ಆರೇಳು ವರ್ಷ. ಊರವರೆಲ್ಲ ಹೇಳೋದು ಒಂದೇ: "ಖಾರ ಬಿಡು." ಅವ್ವ ರಂಜಕ ಬಿಟ್ಟಳು, ಚಹಾ ಬಿಟ್ಟಳು. ಉರಿ ಮಾತ್ರ ಬಿಡಲಿಲ್ಲ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ದೀಪಾವಳಿ ರಜೆಗೆ ಹೋದಾಗ ಹಟ ಹಿಡಿದು ಬೆಳಗಾವಿಗೆ ಕರೆದುಕೊಂಡು ಹೋದೆ. "ಬಾಯಾಗ ಪೈಪ್ ಹಾಕೂದಾದ್ರ ನಾ ಬರಂಗಿಲ್ಲ ತಮ್ಮಾ" ಅಂತ ಮೊದಲೇ ಶರತ್ತು.

ಡಾಕ್ಟರ್ ಒಂದಿಷ್ಟು ಪ್ರಶ್ನೆ ಕೇಳಿದರು. ತೂಕ ಇಳಿದಿದೆಯಾ? ಮಲ ಕಪ್ಪಗಾಗುತ್ತಾ? ರಕ್ತ ವಾಂತಿ ಆಗಿದೆಯಾ? ನುಂಗಲು ಕಷ್ಟವಾ? ಇವುಗಳಲ್ಲಿ ಒಂದಿದ್ದರೂ ಎಂಡೋಸ್ಕೋಪಿ ತಪ್ಪಿಸುವಂತಿಲ್ಲ. ಅವ್ವನಿಗೆ ಯಾವುದೂ ಇರಲಿಲ್ಲ. "ಹಾಗಾದ್ರ ಮೊದಲು ಉಸಿರು ಪರೀಕ್ಷೆ ಮಾಡೋಣು" ಅಂದರು.

ಖಾರದ ತಪ್ಪಲ್ಲ

ಅವರು ಹುಡುಕುತ್ತಿದ್ದದ್ದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹೊಟ್ಟೆಯ ಹುಣ್ಣಿಗೆ ಖಾರ, ಚಿಂತೆಯೇ ಕಾರಣ ಎಂದು ಜಗತ್ತೇ ನಂಬಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. ಅವರಿಗೂ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಇದು ಜಠರದ ಕ್ಯಾನ್ಸರ್‌ಗೂ ದಾರಿ ಮಾಡುತ್ತದೆ.

ಉಸಿರು ಪರೀಕ್ಷೆ ಸರಳ. ಗುರುತು ಹಚ್ಚಿದ ಕಾರ್ಬನ್ ಇರುವ ಯೂರಿಯಾ ಕುಡಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆಯುತ್ತದೆ. ಆ ಕಾರ್ಬನ್ ಉಸಿರಿನಲ್ಲಿ ಹೊರಬರುತ್ತದೆ. ಚೀಲಕ್ಕೆ ಊದಿದರೆ ಆಯ್ತು.

ಅವ್ವನ ರಿಪೋರ್ಟ್ ನೆಗೆಟಿವ್. ನಾನು ಖುಷಿಯಾದೆ. ಡಾಕ್ಟರ್ ಆಗಲಿಲ್ಲ. "ಅವ್ವಾರ, ಗ್ಯಾಸ್ ಗುಳಿಗಿ ನಿಲ್ಸಿದ್ರಿ ಹೌದಲ್ರಿ?"

ಅವ್ವ ನನ್ನ ಮುಖ ನೋಡಿದಳು. "ಒಂದs ತಗೊಂಡಿದ್ದೆ... ದಿನಾ."

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಗುಳಿಗೆಗಳು ಬ್ಯಾಕ್ಟೀರಿಯಾವನ್ನು ಅಡಗಿಸಿಬಿಡುತ್ತವೆ. ಸಾಯಿಸುವುದಿಲ್ಲ, ಪರೀಕ್ಷೆಗೆ ಸಿಗದಂತೆ ಮಾಡುತ್ತವೆ. ಆದ್ದರಿಂದ ಪರೀಕ್ಷೆಗೆ 2 ವಾರ ಮೊದಲು ಅವನ್ನೂ, 4 ವಾರ ಮೊದಲು ಆ್ಯಂಟಿಬಯೋಟಿಕ್‌ಗಳನ್ನೂ ನಿಲ್ಲಿಸಿರಬೇಕು. ಆದರೆ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ಮಲದಲ್ಲಿ ಡಿಎನ್‌ಎ

ಎರಡು ವಾರ ಬಿಟ್ಟು ಮಲದ ಪಿಸಿಆರ್ ಮಾಡಿಸಿದೆವು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ, ಅದೇ ವಿದ್ಯೆ: ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನು ಲಕ್ಷಾಂತರ ಪ್ರತಿ ಮಾಡಿ ಪತ್ತೆಹಚ್ಚುವುದು. ಇದರ ಹೆಚ್ಚುಗಾರಿಕೆ ಬೇರೆ. ಬ್ಯಾಕ್ಟೀರಿಯಾದ 23ಎಸ್ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಕ್ಲಾರಿಥ್ರೊಮೈಸಿನ್ ಔಷಧ ಕೆಲಸ ಮಾಡದೆ ಹೋಗಬಹುದು. ನಮ್ಮ ಕೋಡ್‌ನಲ್ಲಿ ಒಂದು ಅಕ್ಷರ ತಪ್ಪಿದಂತೆಯೇ! ಆ ಬದಲಾವಣೆಯನ್ನೂ ಪಿಸಿಆರ್ ಹೇಳಬಲ್ಲದು. ಈ ಔಷಧಕ್ಕೆ ಬಗ್ಗದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಅಪಾಯದ ಪಟ್ಟಿಗೆ ಸೇರಿಸಿತ್ತು.

ಅವ್ವನ ರಿಪೋರ್ಟ್: ಬ್ಯಾಕ್ಟೀರಿಯಾ ಇದೆ, ಆ ಬದಲಾವಣೆಯೂ ಇದೆ. ಡಾಕ್ಟರ್ ಕ್ಲಾರಿಥ್ರೊಮೈಸಿನ್ ಬಿಟ್ಟು, ಬಿಸ್ಮತ್ ಇರುವ ಬೇರೆ ಔಷಧಗಳನ್ನು 14 ದಿನಕ್ಕೆ ಬರೆದರು. ಈ ಪರೀಕ್ಷೆ ಇಲ್ಲದಿದ್ದರೆ ಎರಡು ವಾರ ನುಂಗಿದ ಗುಳಿಗೆ ದಂಡವಾಗುವ ಸಾಧ್ಯತೆಯೇ ಹೆಚ್ಚಿತ್ತು.

ನೆನಪಿರಲಿ

* ರಕ್ತದ ಆ್ಯಂಟಿಬಾಡಿ ಪರೀಕ್ಷೆ ಹಳೆಯ ಸೋಂಕನ್ನೂ ಪಾಸಿಟಿವ್ ತೋರಿಸಬಹುದು. ಅದೊಂದನ್ನೇ ನಂಬಬೇಡಿ.
* ಚಿಕಿತ್ಸೆ ಮುಗಿದು ಕನಿಷ್ಠ 4 ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಪಿಸಿಆರ್‌ಗೆ ಸಿಗಬಹುದಾದ್ದರಿಂದ, ಆಗ ಉಸಿರು ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ ಪರೀಕ್ಷೆ ಒಳ್ಳೆಯದು.
* ಪಿಸಿಆರ್ ಎಲ್ಲ ಲ್ಯಾಬ್‌ಗಳಲ್ಲೂ ಇರುವುದಿಲ್ಲ. ಮೊದಲು ಫೋನ್ ಮಾಡಿ ವಿಚಾರಿಸಿ.

ಕೊನೆಯ ಉಸಿರು ಪರೀಕ್ಷೆಗೆ ಅವ್ವ ಗುಳಿಗಿ ಪಟ್ಟಿಯನ್ನು ನನ್ನ ಕೈಗೇ ಕೊಟ್ಟಿದ್ದಳು. ನೆಗೆಟಿವ್ ಬಂತು, ಈ ಸಲ ನಿಜವಾಗಿಯೂ. ಈಗ ರೊಟ್ಟಿ ಜೊತೆ ಮತ್ತೆ ರಂಜಕ ನೆಂಚಿಕೊಳ್ಳುತ್ತಾಳೆ.

ಊರಿಗೆ ಹೋದಾಗ ನಿಮ್ಮ ಮನೆಯ ಗೂಡನ್ನೂ ಒಮ್ಮೆ ನೋಡಿ. ಗುಳಿಗಿ ಎಷ್ಟು ವರ್ಷದಿಂದ ನಡೆದಿದೆ ಅಂತ ಕೇಳಿ.